ಗುಡ್ಡ ಕುಸಿಯಿತು: ಕರ್ತೃ ಯಾರು?

ವಾರ್ತೆ ಕೇಳುವ ತಮಗೆ ಒಂದು ವ್ಯಾಕರಣದ ಪ್ರಶ್ನೆ. ‘ಗುಡ್ಡ ಕುಸಿದು ಹನ್ನೊಂದು ಮಂದಿ ಮಡಿದರು’ ಎಂಬ ವಾಕ್ಯದಲ್ಲಿ ಕುಸಿದದ್ದು ಯಾವುದು? ಗುಡ್ಡ. ಶಾಲೆಯ ಹುಡುಗನೂ ಹೇಳಿಯಾನು. ‘ಕುಸಿ’ ಅಕರ್ಮಕ ಧಾತು; ಅದಕ್ಕೆ ಕರ್ಮಪದ ಬೇಕಾಗಿಲ್ಲ. ‘ಕಡಿ’ ಎಂಬುದು ಹಾಗಲ್ಲ. ‘ಗುಡ್ಡವನ್ನು ಕಡಿದರು’ ಎಂದ ಕೂಡಲೆ, ಯಾರು ಎಂದು ಕೇಳದೆ ಕಿವಿ ಸುಮ್ಮನಿರದು.

2024ನೆಯ ಇಸವಿ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ, ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಗಂಗಾವಳಿ, ನಡುವೆ 66ನೆಯ ರಾಷ್ಟ್ರೀಯ ಹೆದ್ದಾರಿ ಇರುವ ಜಾಗದಲ್ಲಿ, ಮಣ್ಣು ಜಾರಿ ಬಂತು. ದಾರಿ ಬದಿಯ ಚಹದಂಗಡಿ, ಅದನ್ನು ನಡೆಸುತ್ತಿದ್ದ ಸಂಸಾರ, ಅಲ್ಲಿ ತಂಗಿದ್ದ ವಾಹನಗಳು ಎಲ್ಲವೂ ಅದರ ಪಾಲಾದುವು. ಕೇರಳದ ಒಂದು ಲಾರಿ ಹಾಗೂ ಅದರ ಚಾಲಕನ ದೇಹ ನದಿಯ ತಳದಿಂದ ಹೊರಬಂದದ್ದು ಸೆಪ್ಟೆಂಬರ್ 25ರಂದು. ಮಳೆ ವಿಪರೀತವಾಗಿತ್ತು, ನಿಜ. ಚತುಷ್ಪಥಕ್ಕಾಗಿ ಗುಡ್ಡದ ಬುಡವನ್ನು ಕಡಿದಿದ್ದುದೂ ಅಷ್ಟೇ ನಿಜ. ಬುಡದ ಆಸರೆ ತಪ್ಪಿದ ಕಡಿದಾದ ಇಳಿಜಾರಿನಲ್ಲಿ ನೀರು ಇಂಗಿದರೆ ಮಣ್ಣಿನ ಭಾರ ಹೆಚ್ಚುತ್ತದೆ, ಹಿಡಿತ ಸಡಿಲುತ್ತದೆ. ಈ ಎರಡು ಕಾರಣಗಳಲ್ಲಿ ‘ಗುಡ್ಡ ಕುಸಿತ’ ಎಂಬ ಎರಡು ಮಾತಿನೊಳಗೆ ಒಂದೂ ಸೇರಿಲ್ಲ. ಕಚೇರಿಯ ಕಾಗದಗಳಿಗಂತೂ ಕರ್ಮಣಿ ಪ್ರಯೋಗ ಬಲು ಪ್ರಿಯ: ‘ಗುಡ್ಡವು ಕಡಿಯಲ್ಪಟ್ಟಿದೆ’. ಕಡಿದವನು ಅಲ್ಲಿಯೂ ತಲೆ ತಪ್ಪಿಸಿಕೊಂಡ!

ಇನ್ನು ‘ಪ್ರಕೃತಿ ವಿಕೋಪ’. ಈ ಶಬ್ದದ ಹೊಟ್ಟೆಯಲ್ಲಿ ಕೋಪವಿದೆ. ಕೋಪಗೊಂಡವರನ್ನು ಸಮಾಧಾನಪಡಿಸಬಹುದು, ಶಪಿಸಬಹುದು. ಇಳಿಜಾರಿನ ಕೋನವನ್ನು ಅಳೆಯಬೇಕೆಂದು ತೋರುವುದಿಲ್ಲ. ‘ಅನಾಹುತ’ ಇನ್ನೂ ಸ್ವಾರಸ್ಯದ್ದು: ಕರೆಯದೆ ಬಂದದ್ದು ಎಂದು ಅದರ ಮೂಲಾರ್ಥ. ಶಿರೂರಿಗೆ ಬಂದದ್ದು ಕರೆಯದೆ ಬಂತೆ?

ಹಿಂದಿನವರ ಮಾತಿನಲ್ಲಿಯೂ ದೈವದ ಭಯವಿತ್ತು. 1923ರಲ್ಲಿ ನೇತ್ರಾವತಿ ಉಕ್ಕಿದ್ದನ್ನು ತುಳುವರು ‘ಮಾರಿ ಬೊಳ್ಳ’ ಎಂದರು. ಮರುವರ್ಷದ ಮಹಾಪೂರಕ್ಕೆ ಕೇರಳದವರು, ಕೊಲ್ಲಂ ಶಕ 1099 ಆಗಿದ್ದುದರಿಂದ, ತೊಂಬತ್ತೊಂಬತ್ತರ ನೆರೆ ಎಂದೇ ಹೆಸರಿಟ್ಟರು. ಆದರೆ ಅವು ಒಂದೊಂದು ನೆರೆಯ ಸ್ವಂತ ಹೆಸರುಗಳು, ಮರೆಯಲು ಬಿಡುವುದಿಲ್ಲ. ‘ವಿಕೋಪ’ವಾದರೋ ಎಲ್ಲಕ್ಕೂ ಹೊಂದುವ ಅಂಗಿ. 2009ರ ಅಕ್ಟೋಬರ್ 2ರಂದು ಕಾರವಾರದ ಬಳಿ ಕಡವಾಡದ ಝರಿವಾಡದಲ್ಲಿ ಗುಡ್ಡ ಜಾರಿ 19 ಮಂದಿ ಮಣ್ಣುಪಾಲಾದರು. ಹದಿನೈದು ವರ್ಷಗಳ ಬಳಿಕ ಶಿರೂರಿನ ಸುದ್ದಿ ಕೇಳಿದಾಗ, ಜಿಲ್ಲೆಯ ಹೊರಗೆ ಎಷ್ಟು ಜನರಿಗೆ ಝರಿವಾಡದ ನೆನಪಾಯಿತು?

ಬೇರೆ ರೀತಿಯಲ್ಲಿ ಹೇಳಲು ಬರುವುದಿಲ್ಲವೆಂದಲ್ಲ. ಗುಜರಾತಿನ ಜುನಾಗಢದಲ್ಲಿ ಕ್ರಿ.ಶ. 150ರ ಸುಮಾರಿನ ರುದ್ರದಾಮನ ಶಾಸನವಿದೆ. ಬಿರುಮಳೆಗೆ ಸುದರ್ಶನ ಸರೋವರ ಒಡೆದ ವರದಿ ಅದು. ಕವಿ ಬಿರುಗಾಳಿಯನ್ನು ಪ್ರಳಯಕ್ಕೆ ಹೋಲಿಸಲು ಹಿಂದೆಗೆಯಲಿಲ್ಲ. ಆದರೂ ಬಿರುಕು 420 ಮೊಳ ಉದ್ದ, ಅಷ್ಟೇ ಅಗಲ, 75 ಮೊಳ ಆಳವೆಂದು ಲೆಕ್ಕ ಕೊಟ್ಟ. ಚಂದ್ರಗುಪ್ತ ಮೌರ್ಯನ ಕಾಲದಲ್ಲಿ ಕೆರೆ ಕಟ್ಟಿಸಿದವನು ಪುಷ್ಯಗುಪ್ತ, ಈಗ ದುರಸ್ತಿ ಮಾಡಿಸಿದವನು ಸುವಿಶಾಖ ಎಂದು ಹೆಸರು ಹೇಳಿದ. ಅರಸನ ಹೊಗಳಿಕೆಯ ಬರಹದಲ್ಲಿಯೇ ಇಷ್ಟು ಇದೆ, ವಾರ್ತೆಯಲ್ಲಿ ಇರಬಾರದೆ? ನಮ್ಮ 2005ರ ವಿಪತ್ತು ನಿರ್ವಹಣಾ ಅಧಿನಿಯಮವೂ ವಿಪತ್ತಿನ ಲಕ್ಷಣ ಹೇಳುವಾಗ ನಿಸರ್ಗದ ಜೊತೆಗೆ ಮನುಷ್ಯಕೃತ ಕಾರಣವನ್ನೂ ನಿರ್ಲಕ್ಷ್ಯವನ್ನೂ ಸೇರಿಸಿದೆ.

ಶಿರೂರಿನ ಘಟನೆ ನಡೆದು ಮೂರು ವಾರಗಳಾಗಿದ್ದುವು. ಆಗಸ್ಟ್ 7ರ ನಡುರಾತ್ರಿ ಕಾರವಾರದ ಕೋಡಿಬಾಗ ಹಾಗೂ ಸದಾಶಿವಗಡದ ನಡುವೆ ಕಾಳಿ ನದಿಯ ಹಳೆಯ ಸೇತುವೆ ಮುರಿದು ಬಿತ್ತು. ಒಂದು ಲಾರಿ ನೀರಿಗೆ ಬಿತ್ತು, ಚಾಲಕನನ್ನು ಬದುಕಿಸಿದರು. ವಾರ್ತೆಯ ಕ್ರಿಯಾಪದ ಅದೇ: ‘ಕುಸಿಯಿತು’. ಆದರೆ ಪ್ರಕೃತಿ ಮುನಿಯಿತೆಂದು ಯಾರೂ ಹೇಳಲಿಲ್ಲ. ಸೇತುವೆಗೆ ಎಷ್ಟು ವಯಸ್ಸು, ನೋಡಿಕೊಳ್ಳಬೇಕಾದವರು ಯಾರು ಎಂಬ ಪ್ರಶ್ನೆ ಬೆಳಗಾಗುತ್ತಲೇ ಎದ್ದಿತು. ಕಟ್ಟಿದ್ದಕ್ಕೆ ಕರ್ತೃವನ್ನು ಹುಡುಕುತ್ತೇವೆ. ಕಡಿದದ್ದಕ್ಕೆ ಹುಡುಕುವ ರೂಢಿ ನಮ್ಮಲ್ಲಿ ಬೆಳೆದಿಲ್ಲ.

ಹೆಸರಿನ ಇನ್ನೊಂದು ಅನ್ಯಾಯವನ್ನು ಹೇಳಬೇಕು. ಗಂಗಾವಳಿಯ ಆಚೆ ದಡದಲ್ಲಿ ಉಳುವರೆ ಎಂಬ ಊರಿದೆ. ಮಣ್ಣಿನ ರಾಶಿ ಒಮ್ಮೆಲೆ ನದಿಗೆ ಬಿದ್ದಾಗ ಮೇಲೆದ್ದ ನೀರು ಅಲ್ಲಿಗೆ ನುಗ್ಗಿ ಮನೆಗಳನ್ನು ಕೆಡವಿತು. ಒಬ್ಬ ಹೆಂಗಸು ಕೊಚ್ಚಿಹೋದಳು. ಅವರ ಪಾಲಿಗೆ ಬಂದದ್ದು ಗುಡ್ಡವಲ್ಲ, ನೀರು. ಆದರೂ ದಾಖಲೆಯಲ್ಲಿ ಆ ದಿನದ ಹೆಸರು ‘ಶಿರೂರು ಗುಡ್ಡ ಕುಸಿತ’. ಹೆದ್ದಾರಿ ಯಾವಾಗ ತೆರೆಯುವುದೆಂದು ವಾರ್ತೆಯಲ್ಲಿ ದಿನವೂ ಕೇಳಿದ ನಮ್ಮಲ್ಲಿ, ಉಳುವರೆಯ ಹೆಸರನ್ನು ಎರಡು ಸಲ ಕೇಳಿದವರು ಎಷ್ಟು ಮಂದಿ?