ಪಾಯಿಂಟ್ ಗಾರ್ಡ್: ಒಂದು ಸ್ಥಾನದ ಚರಿತ್ರೆ

ಬ್ಯಾಸ್ಕೆಟ್‌ಬಾಲ್ ತಂಡದ ಐವರಲ್ಲಿ ಚೆಂಡನ್ನು ಎದುರಾಳಿಯ ಬುಟ್ಟಿಯತ್ತ ಕೊಂಡೊಯ್ದು, ಯಾವ ಆಟ ಹೂಡಬೇಕೆಂದು ತೀರ್ಮಾನಿಸಿ, ಜೊತೆಗಾರರಿಗೆ ಹಂಚುವ ಆಟಗಾರನೇ ಪಾಯಿಂಟ್ ಗಾರ್ಡ್. ತರಬೇತುದಾರರ ಲೆಕ್ಕದಲ್ಲಿ ಇದು ‘ಒಂದನೇ ನಂಬರ್’ ಸ್ಥಾನ. ನಮ್ಮ ಊರುಗಳ ವಾಲಿಬಾಲ್ ತಂಡದಲ್ಲಿ ಲಿಫ್ಟರ್‌ಗೆ ಇರುವ ಹೊಣೆ ಇಲ್ಲಿ ಇವನದು. ಆದರೆ ಲಿಫ್ಟರ್ ಚೆಂಡೆತ್ತಿಕೊಟ್ಟರೆ ಕೆಲಸ ಮುಗಿಯಿತು. ಪಾಯಿಂಟ್ ಗಾರ್ಡ್ ತಾನೇ ಬುಟ್ಟಿಗೆ ನುಗ್ಗಬಹುದು, ದೂರದಿಂದ ಹೊಡೆಯಬಹುದು, ಹೊಡೆಯುವಂತೆ ತೋರಿಸಿ ಬೇರೊಬ್ಬನಿಗೆ ಕೊಡಬಹುದು. ಸಾಮಾನ್ಯವಾಗಿ ತಂಡದಲ್ಲಿ ಎಲ್ಲರಿಗಿಂತ ಗಿಡ್ಡನೆಯವನೂ ಇವನೇ.

ಎತ್ತರದವರ ಆಟವೆಂದು ಹೆಸರಾದ ಬ್ಯಾಸ್ಕೆಟ್‌ಬಾಲ್‌ನಲ್ಲಿ, ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎ 21ನೆಯ ಶತಮಾನದ ಮೊದಲೆರಡು ದಶಕಗಳಲ್ಲಿ ಅತಿ ಹೆಚ್ಚು ಪ್ರತಿಭೆ ಕಂಡದ್ದು ಈ ಗಿಡ್ಡನೆಯವರ ಸ್ಥಾನದಲ್ಲಿ. ಒಂದು ಪೀಳಿಗೆಯಲ್ಲಿ ಜಾಣ ಹುಡುಗರು ಹೆಚ್ಚು ಹುಟ್ಟಿದರು ಎಂಬ ವಿವರಣೆ ಇದಕ್ಕೆ ಸಾಲದು. ಆಟದ ನಿಯಮಗಳು ಚುರುಕಾದ ಕಾಲಿಗೂ ಚುರುಕಾದ ತಲೆಗೂ ಜಾಗ ಬಿಟ್ಟುಕೊಟ್ಟಾಗಲೆಲ್ಲ ಈ ಸ್ಥಾನ ತುಂಬಿಕೊಂಡಿದೆ.

ಆರಂಭ ಮತ್ತು 24 ಸೆಕೆಂಡುಗಳ ಗಡಿಯಾರ

1891ರ ಡಿಸೆಂಬರಿನಲ್ಲಿ ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನ ವೈಎಂಸಿಎ ತರಬೇತಿ ಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ ಈ ಆಟ ಕಟ್ಟಿದಾಗ ಪಾಯಿಂಟ್ ಗಾರ್ಡ್‌ಗೆ ಅವಕಾಶವೇ ಇರಲಿಲ್ಲ. ಚೆಂಡು ಹಿಡಿದವನು ಓಡುವಂತಿರಲಿಲ್ಲ, ನಿಂತಲ್ಲಿಂದಲೇ ಎಸೆಯಬೇಕಿತ್ತು. ಚೆಂಡನ್ನು ನೆಲಕ್ಕೆ ಬಡಿಯುತ್ತ ಸಾಗುವ ಡ್ರಿಬಲ್ ಆಟದೊಳಗೆ ಬಂದು ಊರ್ಜಿತವಾದ ಮೇಲೆಯೇ ಚೆಂಡನ್ನು ಕಾಪಾಡಿಕೊಂಡು ಸಾಗುವ ಪರಿಣತನೊಬ್ಬ ಬೇಕಾದ.

ಈ ಸ್ಥಾನದ ಮೊದಲ ದೊಡ್ಡ ಹೆಸರು ಬಾಸ್ಟನ್ ಸೆಲ್ಟಿಕ್ಸ್‌ನ ಬಾಬ್ ಕೂಸಿ. ಆರು ಅಡಿ ಒಂದು ಅಂಗುಲದ ಕೂಸಿ ಬೆನ್ನ ಹಿಂದಿನಿಂದ ಡ್ರಿಬಲ್ ಮಾಡುತ್ತ, ಒಂದು ಕಡೆ ನೋಡಿ ಇನ್ನೊಂದು ಕಡೆಗೆ ಪಾಸ್ ಕೊಡುತ್ತ, 1952–53ರಿಂದ ಸತತ ಎಂಟು ಋತು ಅಸಿಸ್ಟ್‌ಗಳಲ್ಲಿ, ಅಂದರೆ ಜೊತೆಗಾರನ ಬುಟ್ಟಿಗೆ ದಾರಿಯಾದ ಪಾಸ್‌ಗಳಲ್ಲಿ, ಲೀಗ್‌ಗೇ ಮೊದಲಿಗರಾದರು. ಆದರೆ ಅವರ ಆರಂಭದ ವರ್ಷಗಳಲ್ಲಿ ಆಟವೇ ಕುಂಟುತ್ತಿತ್ತು. ಮುನ್ನಡೆ ಸಿಕ್ಕ ತಂಡ ಹೊಡೆಯುವ ಗೋಜಿಗೆ ಹೋಗದೆ ಚೆಂಡನ್ನು ತನ್ನಲ್ಲೇ ಇಟ್ಟುಕೊಂಡು ಹೊತ್ತು ಕಳೆಯುತ್ತಿತ್ತು. 1950ರ ನವೆಂಬರ್ 22ರಂದು ಫೋರ್ಟ್ ವೇಯ್ನ್ ತಂಡ ಮಿನಿಯಾಪೊಲಿಸ್ ಲೇಕರ್ಸ್ ತಂಡವನ್ನು ಸೋಲಿಸಿದ್ದು 19–18ರಿಂದ. 48 ನಿಮಿಷಗಳ ಪಂದ್ಯದಲ್ಲಿ ಎರಡೂ ತಂಡಗಳು ಸೇರಿ ಗಳಿಸಿದ್ದು 37 ಅಂಕ. 1953ರ ಮಾರ್ಚ್‌ನಲ್ಲಿ ಸಿರಾಕ್ಯೂಸ್ ವಿರುದ್ಧ ನಾಲ್ಕು ಹೆಚ್ಚುವರಿ ಅವಧಿಗಳಿಗೆ ಎಳೆದ ಪ್ಲೇಆಫ್ ಪಂದ್ಯದಲ್ಲಿ ಕೂಸಿ 50 ಅಂಕ ಗಳಿಸಿದರು ನಿಜ, ಆದರೆ ಅದರಲ್ಲಿ 30 ಬಂದದ್ದು ಎದುರಾಳಿಯ ಫೌಲ್‌ಗೆ ಸಿಗುವ ಫ್ರೀ ಥ್ರೋಗಳಿಂದ. ಚೆಂಡು ಕಸಿಯಲಾಗದವರು ಫೌಲ್ ಮಾಡುವುದು ಬಿಟ್ಟು ಬೇರೆ ದಾರಿ ಕಾಣುತ್ತಿರಲಿಲ್ಲ.

ಇದಕ್ಕೆ ಮದ್ದು ಕೊಟ್ಟವರು ಸಿರಾಕ್ಯೂಸ್ ತಂಡದ ಮಾಲೀಕ ಡ್ಯಾನಿ ಬಯಾಸೋನ್. ನೋಡುವಂಥ ಪಂದ್ಯವೊಂದರಲ್ಲಿ ಎರಡೂ ತಂಡಗಳು ಸೇರಿ ಸುಮಾರು 120 ಬಾರಿ ಬುಟ್ಟಿಗೆ ಹೊಡೆಯುತ್ತವೆ, 48 ನಿಮಿಷವೆಂದರೆ 2,880 ಸೆಕೆಂಡು, ಭಾಗಿಸಿದರೆ 24. 1954ರಿಂದ 24 ಸೆಕೆಂಡಿನೊಳಗೆ ಹೊಡೆಯಲೇಬೇಕೆಂಬ ನಿಯಮ ಜಾರಿಗೆ ಬಂತು. ಪ್ರತಿ ತಂಡದ ಸರಾಸರಿ ಅಂಕ ಒಂದೇ ವರ್ಷದಲ್ಲಿ 79.5ರಿಂದ 93.1ಕ್ಕೆ ಏರಿತು. ಅಲ್ಲಿಯವರೆಗೆ ಚೆಂಡು ಕಾಯುವುದೇ ಜಾಣತನವಾಗಿತ್ತು. ಇನ್ನು ಮುಂದೆ ಕೆಲವೇ ಸೆಕೆಂಡುಗಳಲ್ಲಿ ದಾರಿ ಕಂಡುಹಿಡಿಯುವವನು ಬೇಕಾದ. ಕೂಸಿ ಆರು ಪ್ರಶಸ್ತಿ ಗೆದ್ದದ್ದು ಈ ಗಡಿಯಾರ ಬಂದ ಮೇಲೆ.

ರಾಬರ್ಟ್‌ಸನ್‌ರಿಂದ ಸ್ಟಾಕ್ಟನ್‌ವರೆಗೆ

1961–62ರಲ್ಲಿ ಸಿನ್ಸಿನಾಟಿಯ ಆಸ್ಕರ್ ರಾಬರ್ಟ್‌ಸನ್ ಇಡೀ ಋತುವಿನಲ್ಲಿ ಪಂದ್ಯಕ್ಕೆ ಸರಾಸರಿ 30.8 ಅಂಕ, 12.5 ರೀಬೌಂಡ್ (ಗುರಿ ತಪ್ಪಿ ಮರಳಿದ ಚೆಂಡು ಹಿಡಿದದ್ದು), 11.4 ಅಸಿಸ್ಟ್ ದಾಖಲಿಸಿದರು. ಮತ್ತೊಬ್ಬರಿಗೆ ಮೂರೂ ಲೆಕ್ಕದಲ್ಲಿ ಎರಡಂಕಿ ಮುಟ್ಟುವ ಇಂಥ ‘ಟ್ರಿಪಲ್ ಡಬಲ್’ ಋತು ದಕ್ಕಲು 55 ವರ್ಷ ಬೇಕಾಯಿತು. ಅಂಗಣದ ಹೊರಗೂ ರಾಬರ್ಟ್‌ಸನ್ ದೊಡ್ಡವರೇ. ಆಟಗಾರರ ಸಂಘದ ಅಧ್ಯಕ್ಷರಾಗಿ 1970ರಲ್ಲಿ ಅವರು ಹೂಡಿದ ಮೊಕದ್ದಮೆ 1976ರಲ್ಲಿ ಇತ್ಯರ್ಥವಾಗಿ, ಆಟಗಾರರು ತಮಗೆ ಬೇಕಾದ ತಂಡ ಸೇರುವ ಹಕ್ಕಿಗೆ ದಾರಿಯಾಯಿತು.

ಈ ಹೊತ್ತಿಗೆ ನ್ಯೂಯಾರ್ಕ್‌ನಂಥ ನಗರಗಳ ಬೀದಿ ಅಂಗಣಗಳು ಗಾರ್ಡ್‌ಗಳ ಪಾಠಶಾಲೆಗಳಾಗಿದ್ದವು. ಹಾರ್ಲೆಮ್‌ನ ರಕ್ಕರ್ ಪಾರ್ಕ್‌ನಂಥ ಕಡೆ ಕಾಂಕ್ರೀಟು ನೆಲ, ಒಂದು ಬುಟ್ಟಿ ಇದ್ದರೆ ಸಾಕಿತ್ತು. ಗೆದ್ದವನು ಅಂಗಣದಲ್ಲಿ ಉಳಿಯುತ್ತಿದ್ದ, ಸೋತವನು ಸರದಿಗಾಗಿ ಕಾಯುತ್ತಿದ್ದ. ದಕ್ಷಿಣ ಬ್ರಾಂಕ್ಸ್‌ನ ಬಡ ಕೇರಿಯಿಂದ ಬಂದ ನೇಟ್ ‘ಟೈನಿ’ ಆರ್ಚಿಬಾಲ್ಡ್ 1972–73ರಲ್ಲಿ ಸರಾಸರಿ 34 ಅಂಕ, 11.4 ಅಸಿಸ್ಟ್‌ಗಳೊಂದಿಗೆ ಎರಡೂ ಪಟ್ಟಿಗಳಲ್ಲಿ ಒಂದೇ ಋತುವಿನಲ್ಲಿ ಮೊದಲಿಗರಾದರು.

1979ರಲ್ಲಿ ಎರಡು ಸಂಗತಿಗಳು ಒಟ್ಟಿಗೆ ಬಂದವು. ಎನ್‌ಬಿಎ ಮೂರು ಅಂಕಗಳ ಗೆರೆ ಎಳೆಯಿತು; ಅದರಾಚೆಯಿಂದ ಹೊಡೆದ ಬುಟ್ಟಿಗೆ ಎರಡರ ಬದಲು ಮೂರು ಅಂಕ. ಅದೇ ವರ್ಷ ಆರು ಅಡಿ ಒಂಬತ್ತು ಅಂಗುಲದ ಮ್ಯಾಜಿಕ್ ಜಾನ್ಸನ್ ಲೇಕರ್ಸ್ ಸೇರಿದರು. ಗಾರ್ಡ್ ಎಂದರೆ ಗಿಡ್ಡನೆಯವನೇ ಆಗಬೇಕಿಲ್ಲ ಎಂದು ತೋರಿಸಿಕೊಟ್ಟವರು ಅವರು. ಮೊದಲ ಋತುವಿನ ಫೈನಲ್‌ನ ಆರನೆಯ ಪಂದ್ಯದಲ್ಲಿ ಗಾಯಗೊಂಡ ಜೊತೆಗಾರ ಕರೀಂ ಅಬ್ದುಲ್ ಜಬ್ಬಾರ್ ಇಲ್ಲದಾಗ, ಬುಟ್ಟಿಯ ಬಳಿ ಆಡುವ ಎತ್ತರದವರ ಸೆಂಟರ್ ಜಾಗದಲ್ಲಿ ಇಳಿದು 42 ಅಂಕ, 15 ರೀಬೌಂಡ್, 7 ಅಸಿಸ್ಟ್ ಗಳಿಸಿ ಪ್ರಶಸ್ತಿ ತಂದುಕೊಟ್ಟರು; ಆಗ ಅವರಿಗೆ 20 ವರ್ಷ.

1980–90ರ ದಶಕಗಳಲ್ಲಿ ಈ ಸ್ಥಾನದ ಬಗೆಬಗೆಯ ಮಾದರಿಗಳು ಒಟ್ಟಿಗೆ ಕಾಣಿಸಿಕೊಂಡವು. ಡೆಟ್ರಾಯಿಟ್‌ಗೆ 1989 ಮತ್ತು 1990ರ ಪ್ರಶಸ್ತಿ ತಂದ ಐಸಾಯಾ ಥಾಮಸ್, ರಕ್ಷಣೆಯ ಆಟಕ್ಕೇ ವರ್ಷದ ಪ್ರಶಸ್ತಿ ಪಡೆದ ಗ್ಯಾರಿ ಪೇಟನ್, ಐದು ಅಡಿ ಮೂರು ಅಂಗುಲದ ಎತ್ತರದಲ್ಲಿ 14 ಋತು ಆಡಿದ ಮಗ್ಸಿ ಬೋಗ್ಸ್ ಒಬ್ಬರಂತೆ ಒಬ್ಬರಲ್ಲ. ಯೂಟಾದ ಜಾನ್ ಸ್ಟಾಕ್ಟನ್ 19 ಋತುಗಳಲ್ಲಿ 15,806 ಅಸಿಸ್ಟ್, 3,265 ಸ್ಟೀಲ್ (ಎದುರಾಳಿಯಿಂದ ಚೆಂಡು ಕಸಿದದ್ದು) ಗಳಿಸಿ ನಿವೃತ್ತರಾದರು. ಎರಡೂ ದಾಖಲೆ ಇಂದಿಗೂ ಮುರಿದಿಲ್ಲ. ಜೊತೆಗಾರ ಕಾರ್ಲ್ ಮಲೋನ್ ಅಡ್ಡ ನಿಂತು ಎದುರಾಳಿಯನ್ನು ತಡೆಯುವುದು, ಆ ಒಂದು ಹೆಜ್ಜೆಯ ಬಿಡುವಿನಲ್ಲಿ ಸ್ಟಾಕ್ಟನ್ ನುಗ್ಗುವುದು, ರಕ್ಷಕರಿಬ್ಬರೂ ಅವರತ್ತ ತಿರುಗಿದ ಕ್ಷಣಕ್ಕೆ ಮಲೋನ್ ಬುಟ್ಟಿಯತ್ತ ಹೊರಳಿ ಪಾಸ್ ಪಡೆಯುವುದು. ‘ಪಿಕ್ ಅಂಡ್ ರೋಲ್’ ಎಂಬ ಈ ತಂತ್ರವನ್ನು ಇಡೀ ಲೀಗ್ ನೋಡುತ್ತಿತ್ತು. ತಡೆಯುವುದು ಮಾತ್ರ ಬಹುಮಂದಿಗೆ ಆಗಲಿಲ್ಲ. ಇಂದಿನ ಪಾಯಿಂಟ್ ಗಾರ್ಡ್‌ಗಳ ಆಟದ ತಿರುಳು ಇದೇ.

2004ರ ತಿರುವು

1990ರ ದಶಕದ ಕೊನೆಗೆ ಲೀಗ್‌ನ ಆಟ ಮತ್ತೆ ಮಂದವಾಗಿತ್ತು. ಚೆಂಡು ತರುವವನ ಸೊಂಟಕ್ಕೆ ಕೈಯಿಟ್ಟು ಒತ್ತಿ, ಅವನು ಹೋಗುವ ದಿಕ್ಕನ್ನೇ ತಿರುಗಿಸುವ ‘ಹ್ಯಾಂಡ್ ಚೆಕಿಂಗ್’ ರಕ್ಷಕರ ಮುಖ್ಯ ಅಸ್ತ್ರ. ಬಲಿಷ್ಠನೊಬ್ಬ ಹೀಗೆ ಕೈಯೂರಿದರೆ ಹಗುರ ಮೈಯವನ ವೇಗ ಅಲ್ಲೇ ಸತ್ತಂತೆ. 2003–04ರಲ್ಲಿ ತಂಡಗಳ ಸರಾಸರಿ 93.4 ಅಂಕಕ್ಕೆ ಇಳಿದಿತ್ತು. 2004–05ರಿಂದ ರೆಫರಿಗಳು ಹ್ಯಾಂಡ್ ಚೆಕಿಂಗ್‌ಗೆ ಕಟ್ಟುನಿಟ್ಟಾಗಿ ಫೌಲ್ ಕೊಡತೊಡಗಿದರು. ಸರಾಸರಿ 97.2ಕ್ಕೆ ಏರಿತು.

2004ರ ಬೇಸಿಗೆಯಲ್ಲೇ ಫೀನಿಕ್ಸ್ ಸೇರಿದ ಕೆನಡಾದ ಸ್ಟೀವ್ ನ್ಯಾಶ್ ಬದಲಾವಣೆಯ ಮೊದಲ ಫಲ. ಹಿಂದಿನ ಋತುವಿನಲ್ಲಿ 29 ಪಂದ್ಯ ಗೆದ್ದಿದ್ದ ತಂಡ ಅವರು ಬಂದ ವರ್ಷ 62 ಗೆದ್ದಿತು. 2005, 2006ರಲ್ಲಿ ಸತತವಾಗಿ ಅವರೇ ಲೀಗ್‌ನ ಅತ್ಯಮೂಲ್ಯ ಆಟಗಾರ. ತರಬೇತುದಾರ ಮೈಕ್ ಡಿ’ಆಂಟೋನಿ ನಾಲ್ವರನ್ನು ಅಂಗಣದುದ್ದಗಲಕ್ಕೆ ಹರಡಿ, ನಡುವಿನ ಬಯಲನ್ನು ನ್ಯಾಶ್‌ಗೆ ಬಿಟ್ಟುಕೊಟ್ಟಿದ್ದರು.

ಇದರ ಹಿಂದೆಯೇ ಬಂದ ಡ್ರಾಫ್ಟ್‌ಗಳು, ಅಂದರೆ ತಂಡಗಳು ಸರದಿಯಂತೆ ಹೊಸಬರನ್ನು ಆರಿಸಿಕೊಳ್ಳುವ ವಾರ್ಷಿಕ ಸಭೆಗಳು, ಈ ಸ್ಥಾನವನ್ನು ತುಂಬಿದವು. 2005ರಲ್ಲಿ ಡೆರಾನ್ ವಿಲಿಯಮ್ಸ್, ಕ್ರಿಸ್ ಪಾಲ್. 2006ರಲ್ಲಿ ರಾಜಾನ್ ರಾಂಡೊ. 2007ರಲ್ಲಿ ಮೈಕ್ ಕಾನ್ಲಿ. 2008ರಲ್ಲಿ ಡೆರಿಕ್ ರೋಸ್, ರಸೆಲ್ ವೆಸ್ಟ್‌ಬ್ರೂಕ್. 2010ರಲ್ಲಿ ಜಾನ್ ವಾಲ್. 2011ರಲ್ಲಿ ಕೈರಿ ಇರ್ವಿಂಗ್, ಕೆಂಬಾ ವಾಕರ್. 2012ರಲ್ಲಿ ಡೇಮಿಯನ್ ಲಿಲರ್ಡ್.

ನಡುವೆ ಬಿಟ್ಟ 2009 ಪ್ರತ್ಯೇಕವಾಗಿ ಹೇಳಬೇಕಾದ ವರ್ಷ. ಆ ಜೂನ್‌ನಲ್ಲಿ ಮಿನ್ನೆಸೋಟ ತಂಡಕ್ಕೆ ಐದು ಮತ್ತು ಆರನೆಯ ಆಯ್ಕೆ ಒಟ್ಟಿಗೆ ಸಿಕ್ಕಿದ್ದವು. ಎರಡರಲ್ಲೂ ಅದು ಪಾಯಿಂಟ್ ಗಾರ್ಡ್‌ಗಳನ್ನೇ ಆರಿಸಿತು: ಸ್ಪೇನಿನ ರಿಕಿ ರೂಬಿಯೊ, ಸಿರಾಕ್ಯೂಸ್ ವಿಶ್ವವಿದ್ಯಾಲಯದ ಜಾನಿ ಫ್ಲಿನ್. ಏಳನೆಯ ಸರದಿಯ ಗೋಲ್ಡನ್ ಸ್ಟೇಟ್‌ಗೆ ಉಳಿದವರು ಸ್ಟೆಫನ್ ಕರಿ. ಹತ್ತನೆಯವರು ಬ್ರಾಂಡನ್ ಜೆನ್ನಿಂಗ್ಸ್. ಇನ್ನೂ ಕೆಳಗೆ, 17ರಿಂದ 21ರವರೆಗಿನ ಐದು ಆಯ್ಕೆಗಳೂ ಸಾಲಾಗಿ ಪಾಯಿಂಟ್ ಗಾರ್ಡ್‌ಗಳೇ: ಜ್ರೂ ಹಾಲಿಡೇ, ಟೈ ಲಾಸನ್, ಜೆಫ್ ಟೀಗ್, ಎರಿಕ್ ಮೇನರ್, ಡ್ಯಾರೆನ್ ಕಾಲಿಸನ್. ಇವರಲ್ಲಿ ಹಾಲಿಡೇ ಮುಂದೆ ಎರಡು ತಂಡಗಳೊಡನೆ ಪ್ರಶಸ್ತಿ ಗೆದ್ದರು. ಕರಿ 2015, 2016ರಲ್ಲಿ ಅತ್ಯಮೂಲ್ಯ ಆಟಗಾರರಾದರು, ಎರಡನೆಯ ಸಲ ಒಂದು ಮತವೂ ಬೇರೆಡೆ ಹೋಗದಂತೆ. 2015–16ರಲ್ಲಿ ಅವರು ಹೊಡೆದ ಮೂರಂಕದ ಬುಟ್ಟಿಗಳು 402.

ಸ್ಥಾನ ಎಷ್ಟು ಕಿಕ್ಕಿರಿದಿತ್ತು ಎಂಬುದನ್ನು ಗೆದ್ದವರಿಗಿಂತ ಹೊರಗುಳಿದವರಿಂದ ಅಳೆಯುವುದು ಮೇಲು. 2015–16ರಲ್ಲಿ ಸರಾಸರಿ 25.1 ಅಂಕ ಗಳಿಸಿದ ಲಿಲರ್ಡ್‌ಗೆ ವರ್ಷದ ಶ್ರೇಷ್ಠರು ಆಡುವ ಆಲ್‌ಸ್ಟಾರ್ ಪಂದ್ಯದಲ್ಲಿ ಜಾಗ ಸಿಗಲಿಲ್ಲ. ಮರುವರ್ಷ 27 ಅಂಕ ಗಳಿಸಿದಾಗಲೂ ಸಿಗಲಿಲ್ಲ. ಮೆಂಫಿಸ್ ತಂಡದ ಬೆನ್ನೆಲುಬಾಗಿದ್ದ ಕಾನ್ಲಿ ಮೊದಲ ಸಲ ಆಲ್‌ಸ್ಟಾರ್ ಆದದ್ದು 2021ರಲ್ಲಿ, 33ನೆಯ ವಯಸ್ಸಿನಲ್ಲಿ, ಅದೂ ಗಾಯಾಳುವೊಬ್ಬರ ಬದಲಿಗೆ. ಬೇರೆ ಯಾವ ದಶಕದಲ್ಲಾದರೂ ಅವರ ಹೆಸರು ಇನ್ನೂ ಬೇಗ ಆ ಪಟ್ಟಿಗೆ ಬರುತ್ತಿತ್ತೆಂದೇ ಅನಿಸುತ್ತದೆ. 2011ರ ಡ್ರಾಫ್ಟ್‌ನ ಕಟ್ಟಕಡೆಯ, 60ನೆಯ ಆಯ್ಕೆಯಾದ ಐದು ಅಡಿ ಒಂಬತ್ತು ಅಂಗುಲದ ಐಸಾಯಾ ಥಾಮಸ್ (ಡೆಟ್ರಾಯಿಟ್‌ನ ಹಿರಿಯರಲ್ಲ, ಅದೇ ಹೆಸರಿನ ಕಿರಿಯರು) 2016–17ರಲ್ಲಿ ಬಾಸ್ಟನ್ ಪರ ಸರಾಸರಿ 28.9 ಅಂಕ ಗಳಿಸಿದರು. ಅದೇ ಋತುವಿನಲ್ಲಿ ವೆಸ್ಟ್‌ಬ್ರೂಕ್ ರಾಬರ್ಟ್‌ಸನ್‌ರ ಟ್ರಿಪಲ್ ಡಬಲ್ ಸಾಧನೆಯನ್ನು ಸರಿಗಟ್ಟಿದರು.

ನಂತರದ ವರ್ಷಗಳಲ್ಲಿ ಕೆಲಸ ಉಳಿಯಿತು, ಅದನ್ನು ಮಾಡುವವರ ಮೈಕಟ್ಟು ಬದಲಾಯಿತು. 2019–20ರಲ್ಲಿ ಅಸಿಸ್ಟ್‌ಗಳಲ್ಲಿ ಮೊದಲಿಗರಾದವರು ದೈತ್ಯ ಮೈಕಟ್ಟಿನ ಲೆಬ್ರಾನ್ ಜೇಮ್ಸ್. 2024–25ರಲ್ಲಿ ಸೆಂಟರ್ ಸ್ಥಾನದ ನಿಕೊಲಾ ಯೋಕಿಚ್ ಋತುವಿಡೀ ಸರಾಸರಿ ಟ್ರಿಪಲ್ ಡಬಲ್ ಕಾಯ್ದುಕೊಂಡರು. ಗಾರ್ಡ್‌ಗಳು ಕಲಿಸಿಕೊಟ್ಟ ಪಾಠವನ್ನು ಎಲ್ಲ ಸ್ಥಾನದವರೂ ಕಲಿತ ಕಾಲ ಇದು.

ಮಹಿಳೆಯರ ಆಟ, ಬೆಂಗಳೂರಿನ ಒಂದು ಫೈನಲ್

ಅಮೆರಿಕದ ಮಹಿಳಾ ಲೀಗ್ ಡಬ್ಲ್ಯೂಎನ್‌ಬಿಎದಲ್ಲಿ ಈ ಸ್ಥಾನದ ದೀರ್ಘ ಕಾಲದ ಮುಖ ಸಿಯಾಟಲ್‌ನ ಸೂ ಬರ್ಡ್: ನಾಲ್ಕು ಲೀಗ್ ಪ್ರಶಸ್ತಿ, ಐದು ಒಲಿಂಪಿಕ್ ಚಿನ್ನ. 2024ರಲ್ಲಿ ಮೊದಲ ಋತು ಆಡಿದ ಕೇಟ್ಲಿನ್ ಕ್ಲಾರ್ಕ್ 337 ಅಸಿಸ್ಟ್‌ಗಳ ಹೊಸ ದಾಖಲೆ ಬರೆದರು.

ಕನ್ನಡನಾಡಿನ ಪ್ರೇಕ್ಷಕರು ಈ ಸ್ಥಾನದ ಬೆಲೆಯನ್ನು ಕಣ್ಣಾರೆ ಕಂಡದ್ದು 2019ರ ಸೆಪ್ಟೆಂಬರಿನಲ್ಲಿ, ಬೆಂಗಳೂರಿನ ಶ್ರೀ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಮಹಿಳಾ ಏಷ್ಯಾ ಕಪ್ ನಡೆದಾಗ. ಫೈನಲ್‌ನಲ್ಲಿ ಚೀನಾದ ಕಡೆ ಆರೂವರೆ ಅಡಿ ದಾಟಿದ ಎತ್ತರದ ಆಟಗಾರ್ತಿಯರಿದ್ದರು. ಜಪಾನ್ ಬಳಿ ಅಂಥ ಎತ್ತರ ಇರಲಿಲ್ಲ; ಇದ್ದದ್ದು ಚೆಂಡನ್ನು ಒಂದು ಕ್ಷಣವೂ ನಿಲ್ಲಗೊಡದ ಗಾರ್ಡ್‌ಗಳು. 71–68ರಿಂದ ಜಪಾನ್ ಗೆದ್ದು ಸತತ ನಾಲ್ಕನೆಯ ಬಾರಿ ಕಪ್ ಎತ್ತಿತು. ಟೂರ್ನಿಯ ಶ್ರೇಷ್ಠ ಆಟಗಾರ್ತಿ ಎನಿಸಿದವರು ಸುಮಾರು ಐದೂವರೆ ಅಡಿಯ ಪಾಯಿಂಟ್ ಗಾರ್ಡ್ ನಾಕೊ ಮೊಟೊಹಾಶಿ. ಅವರಿಗಿಂತ ಗಿಡ್ಡನೆಯ ರುಯಿ ಮಚಿದಾ ಎರಡು ವರ್ಷಗಳ ಬಳಿಕ ಟೋಕಿಯೊ ಒಲಿಂಪಿಕ್ಸ್‌ನ ಸೆಮಿಫೈನಲ್‌ನಲ್ಲಿ ಫ್ರಾನ್ಸ್ ವಿರುದ್ಧ 18 ಅಸಿಸ್ಟ್ ಕೊಟ್ಟು ಒಲಿಂಪಿಕ್ ದಾಖಲೆ ಮಾಡಿದರು. ಜಪಾನ್ ಬೆಳ್ಳಿ ಗೆದ್ದಿತು. ಒಂದು ದೇಶ ತನಗಿಲ್ಲದ ಎತ್ತರಕ್ಕಾಗಿ ಹಂಬಲಿಸದೆ ಒಂದು ಸ್ಥಾನವನ್ನೇ ಬೆಳೆಸಿ ಜಗತ್ತಿನ ಮುಂದೆ ನಿಂತದ್ದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಇಲ್ಲ.

ಭಾರತದ ವನಿತೆಯರು ಆ ಕಪ್‌ನಲ್ಲಿ ಎಂಟನೆಯ, ಅಂದರೆ ಕೊನೆಯ ಸ್ಥಾನ ಪಡೆದರು. ಅದಕ್ಕೆ ಎರಡು ವರ್ಷ ಮೊದಲು, 2017ರ ಜುಲೈನಲ್ಲಿ, ಬೆಂಗಳೂರಿನಲ್ಲೇ ಕಜಕಸ್ತಾನವನ್ನು 75–73ರಿಂದ ಸೋಲಿಸಿ ಏಷ್ಯಾ ಕಪ್‌ನ ಬಿ ವಿಭಾಗ ಗೆದ್ದು ಮೇಲೇರಿದ್ದ ತಂಡ ಅದು. ಅಂದಿನ ನಾಯಕಿ ತಮಿಳುನಾಡಿನ ಅನಿತಾ ಪಾಲ್‌ದುರೈ ಗಾರ್ಡ್ ಆಗಿಯೇ ಹೆಸರಾದವರು.

ಭಾರತದಲ್ಲಿ

ಭಾರತಕ್ಕೂ ಈ ಆಟ ಬಂದದ್ದು ವೈಎಂಸಿಎ ಮೂಲಕವೇ. ಮದರಾಸಿನಲ್ಲಿ 1920ರಲ್ಲಿ ಹ್ಯಾರಿ ಕ್ರೋ ಬಕ್ ಆರಂಭಿಸಿದ ದೈಹಿಕ ಶಿಕ್ಷಣ ಶಾಲೆಯ ಪಾತ್ರ ಇದರಲ್ಲಿ ದೊಡ್ಡದು. ದಕ್ಷಿಣದಲ್ಲಿ ಈ ಆಟ ಬೇರೂರಿದ್ದು ಶಾಲಾ ಅಂಗಳ, ಬಡಾವಣೆಯ ಕ್ಲಬ್ಬು, ಬ್ಯಾಂಕ್ ತಂಡಗಳಲ್ಲಿ. ಬೆಂಗಳೂರಿನ ಬೀಗಲ್ಸ್ ಕ್ಲಬ್, 2019ರಲ್ಲಿ ಬ್ಯಾಂಕ್ ಆಫ್ ಬರೋಡಾದೊಳಗೆ ವಿಲೀನವಾದ ವಿಜಯಾ ಬ್ಯಾಂಕ್ ಇದಕ್ಕೆ ಉದಾಹರಣೆ. ಪಂಜಾಬಿನ ದಾರಿ ಬೇರೆ. ಲೂಧಿಯಾನಾ ಅಕಾಡೆಮಿಯಲ್ಲಿ ತರಬೇತುದಾರ ಎಸ್. ಸುಬ್ರಮಣಿಯನ್ ಹಳ್ಳಿಗಳ ಎತ್ತರದ ಹುಡುಗರನ್ನು ಹುಡುಕಿ ತಂದು ಬೆಳೆಸಿದರು. 2015ರಲ್ಲಿ ಡಲ್ಲಾಸ್ ತಂಡ 52ನೆಯವರಾಗಿ ಆರಿಸಿಕೊಂಡ, ಏಳು ಅಡಿ ದಾಟಿದ ಸತ್ನಾಮ್ ಸಿಂಗ್ ಅಲ್ಲಿಂದಲೇ ಬಂದವರು. ಅವರ ಬಳಿಕ ಅಮೆರಿಕದ ಕದ ತಟ್ಟಿದ ಪಾಲ್‌ಪ್ರೀತ್, ಪ್ರಿನ್ಸ್‌ಪಾಲ್ ಕೂಡ ಎತ್ತರದವರೇ. ಗಾರ್ಡ್‌ಗಳತ್ತ ಬಂದರೆ, 2014ರ ಜುಲೈನಲ್ಲಿ ವುಹಾನ್‌ನಲ್ಲಿ ಚೀನಾವನ್ನು 65–58ರಿಂದ ಸೋಲಿಸಿದ ಭಾರತ ತಂಡದಲ್ಲಿ ಚೆಂಡು ನಡೆಸಿದವರು ಜೋಗಿಂದರ್ ಸಿಂಗ್. ಗಾರ್ಡ್‌ಗಳ ಪೈಕಿ ವಿದೇಶಿ ಲೀಗ್‌ವರೆಗೆ ಹೋದವರು ವಾರಾಣಸಿಯ ವಿಶೇಷ್ ಭೃಗುವಂಶಿ. 2017ರಲ್ಲಿ ಆಸ್ಟ್ರೇಲಿಯದ ಅಡಿಲೇಡ್ ತಂಡ ಅವರನ್ನು ತರಬೇತಿ ಆಟಗಾರನಾಗಿ ಸೇರಿಸಿಕೊಂಡಿತು.

ಎತ್ತರವನ್ನು ಒಂದು ದಿನದ ಆಯ್ಕೆ ಶಿಬಿರದಲ್ಲಿ ಅಳೆಯಬಹುದು. ಎದುರಾಳಿಯ ಭುಜ ಯಾವ ಕಡೆ ವಾಲಿದೆ, ಮೂಲೆಯಲ್ಲಿರುವ ಜೊತೆಗಾರ ಇನ್ನೊಂದು ಕ್ಷಣಕ್ಕೆ ಎಲ್ಲಿರುತ್ತಾನೆ ಎಂದು ಓದುವ ಕಣ್ಣು ಹುಟ್ಟುವುದು ನೂರಾರು ಪಂದ್ಯಗಳ ಮೇಲೆ. ಭಾರತದಲ್ಲಿ ಆ ಪಂದ್ಯಗಳೇ ಕಡಿಮೆ. ರೈಲ್ವೆ, ಒಎನ್‌ಜಿಸಿ, ಸೇನೆ, ಬ್ಯಾಂಕುಗಳ ನೌಕರಿಯೇ ಆಟಗಾರರ ಆಸರೆ. ವರ್ಷದಲ್ಲಿ ಕೆಲವು ಟೂರ್ನಿಗಳು. 2015ರಲ್ಲಿ ಹುಟ್ಟಿದ ಯುಬಿಎ ವೃತ್ತಿಪರ ಲೀಗ್ 2017ರ ಬಳಿಕ ನಿಂತುಹೋಯಿತು. 2022ರಲ್ಲಿ ಆರಂಭವಾದ ಐಎನ್‌ಬಿಎಲ್‌ನಲ್ಲಿ ಬೆಂಗಳೂರು, ಚೆನ್ನೈ, ಕೊಚ್ಚಿ, ಮುಂಬೈ, ದೆಹಲಿ, ಚಂಡೀಗಢದ ತಂಡಗಳು ಆಡಿದವು. ಮೊದಲ ಪ್ರಶಸ್ತಿ ಚೆನ್ನೈಗೆ ಸಂದಿತು. ವರ್ಷವಿಡೀ ನಡೆಯುವ ಇಂಥ ಲೀಗ್ ನೆಲೆಯೂರಿದರೆ ಅದರ ಲಾಭ ಮೊದಲು ಸಿಗಬೇಕಾದ್ದು ಐದೂವರೆ, ಆರು ಅಡಿಯ ಸಾಮಾನ್ಯ ಎತ್ತರದ ಹುಡುಗ ಹುಡುಗಿಯರಿಗೆ.