ಸ್ಕೌಟ್ ದಳದ ನಿಧಿ ಮತ್ತು ಸಾಮಗ್ರಿಗಳ ಒಡೆತನ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಒಂದು ಸ್ಕೌಟ್ ದಳದ ಬ್ಯಾಂಕ್ ಖಾತೆಯಲ್ಲಿರುವ ಹಣ, ಅದರ ಡೇರೆ, ಅಡುಗೆ ಪೆಟ್ಟಿಗೆ, ದೋಣಿ, ಟ್ರೇಲರ್ ಇವೆಲ್ಲ ಕಾನೂನಿನ ದೃಷ್ಟಿಯಲ್ಲಿ ಯಾರ ಸ್ವತ್ತು ಎಂಬ ವಿಷಯ. ಬಾಯ್ ಸ್ಕೌಟ್ಸ್ ಆಫ್ ಅಮೆರಿಕ (2025ರ ಫೆಬ್ರವರಿ 8ರಿಂದ ಸ್ಕೌಟಿಂಗ್ ಅಮೆರಿಕ) ಸಂಘಟನೆಯಲ್ಲಿ ಇವು ಮಕ್ಕಳದ್ದಲ್ಲ, ಪಾಲಕರದ್ದಲ್ಲ, ದುಡಿದು ದಳ ಕಟ್ಟಿದ ನಾಯಕರದ್ದೂ ಅಲ್ಲ. ದಳ ನಡೆಸಲು ಸನ್ನದು ಪಡೆದ ಪ್ರಾಯೋಜಕ ಸಂಸ್ಥೆಯದ್ದು. ಆದರೆ ಆ ಸಂಸ್ಥೆ ಅವನ್ನು ಸ್ಕೌಟ್ ಕಾರ್ಯಕ್ಕೆಂದೇ ಕಾಯ್ದಿಡಬೇಕು. ಒಡೆತನ ಒಬ್ಬರದು, ಉದ್ದೇಶ ಇನ್ನೊಬ್ಬರದು ಎಂಬ ಈ ಜೋಡಣೆಯಿಂದಲೇ ಬಹುಪಾಲು ತಕರಾರುಗಳು ಹುಟ್ಟಿವೆ.

ಹಿನ್ನೆಲೆ

ಪ್ರಕಾಶಕ ವಿಲಿಯಂ ಬಾಯ್ಸ್ 1910ರ ಫೆಬ್ರವರಿ 8ರಂದು ವಾಷಿಂಗ್ಟನ್‌ನಲ್ಲಿ ಸಂಘಟನೆಯನ್ನು ನೋಂದಾಯಿಸಿದರು. 1916ರ ಜೂನ್ 15ರಂದು ಅಮೆರಿಕದ ಕಾಂಗ್ರೆಸ್ಸು ಅದಕ್ಕೆ ಸನ್ನದು ನೀಡಿತು. ಹೆಸರು, ಲಾಂಛನ, ಬ್ಯಾಡ್ಜುಗಳ ಮೇಲಿನ ಹಕ್ಕು ರಾಷ್ಟ್ರೀಯ ಸಂಘಟನೆಯಲ್ಲೇ ಉಳಿದಿದೆ. ದಳಗಳನ್ನು ಮಾತ್ರ ಅದು ತಾನೇ ನಡೆಸಲು ಹೋಗಲಿಲ್ಲ. ಊರಿನಲ್ಲಿ ಆಗಲೇ ಬೇರುಬಿಟ್ಟಿದ್ದ ಚರ್ಚು, ಶಾಲೆ, ಪಾಲಕರ ಸಂಘ, ಲಯನ್ಸ್ ಮತ್ತು ರೋಟರಿ ಕ್ಲಬ್ಬು, ನಿವೃತ್ತ ಯೋಧರ ಸಂಘಗಳಿಗೆ ಕಾರ್ಯಕ್ರಮವನ್ನು ಒಪ್ಪಿಸಿ, ವರ್ಷವರ್ಷವೂ ಸನ್ನದು ನವೀಕರಿಸುವ ಪದ್ಧತಿ ತಂದಿತು. ಹಿಂದೂ ದೇವಾಲಯಗಳೂ ಇಂದು ಪ್ರಾಯೋಜಕರ ಸಾಲಿನಲ್ಲಿವೆ. ಪ್ರಾಯೋಜಕ ಸಂಸ್ಥೆಗೂ ರಾಷ್ಟ್ರೀಯ ಸಂಘಟನೆಗೂ ನಡುವೆ ಸ್ಥಳೀಯ ಕೌನ್ಸಿಲ್ ಇದೆ. ಅದು ತನ್ನದೇ ಆಸ್ತಿ, ಶಿಬಿರ ಭೂಮಿಗಳಿರುವ ಪ್ರತ್ಯೇಕ ಸಂಸ್ಥೆ.

ಒಡೆತನದ ಸ್ವರೂಪ

ದಳಕ್ಕೆ ಸಾಮಾನ್ಯವಾಗಿ ಕಾನೂನಿನ ವ್ಯಕ್ತಿತ್ವ ಇಲ್ಲ. ಅದು ನೋಂದಾಯಿತ ಸಂಘವಲ್ಲ, ಕಂಪನಿಯೂ ಅಲ್ಲ; ಚರ್ಚಿನ ಭಜನಾ ಮಂಡಳಿಯಂತೆ ಪ್ರಾಯೋಜಕ ಸಂಸ್ಥೆಯ ಒಂದು ಅಂಗ. ಆದ್ದರಿಂದ ದಳ ಕೊಂಡದ್ದು ಸಂಸ್ಥೆ ಕೊಂಡಂತೆ, ದಳಕ್ಕೆ ಬಂದ ದಾನ ಸಂಸ್ಥೆಗೆ ಬಂದಂತೆ. ಇದು ಅರ್ಧ ಮಾತು. ದಳದ ಹೆಸರಿನಲ್ಲಿ ಸೇರಿದ ಹಣ, ಸಾಮಗ್ರಿಯೆಲ್ಲ ಸ್ಕೌಟ್ ಕಾರ್ಯದ ಹಿತಕ್ಕಾಗಿಯೇ ಬಂದದ್ದೆಂದು ಭಾವಿಸಬೇಕು ಎನ್ನುವುದು ಸಂಘಟನೆಯ ನಿಯಮಾವಳಿಯ ತಿರುಳು. ಸಂಸ್ಥೆ ಇಲ್ಲಿ ಟ್ರಸ್ಟಿಯಂತೆ. ದಳ ಮುಚ್ಚಿದರೆ ಮೊದಲು ದಳದ ಸಾಲಬಾಕಿ ತೀರಬೇಕು. ಮಿಕ್ಕದ್ದು ಆ ಊರಿನ ಸ್ಕೌಟ್ ಕಾರ್ಯಕ್ಕೇ ಸಲ್ಲಬೇಕು. ಚರ್ಚಿನ ಸೂರು ಸೋರುತ್ತಿದೆಯೆಂದು ದಳದ ಹಣದಲ್ಲಿ ದುರಸ್ತಿ ಮಾಡಿಸುವುದು ನಿಯಮದ ಆಶಯಕ್ಕೆ ವಿರುದ್ಧ. ಹಾಗಿದ್ದೂ ಚರ್ಚಿನ ಆಡಳಿತ ಮಂಡಳಿ ಪಟ್ಟು ಹಿಡಿದರೆ ತಡೆಯುವ ಶಕ್ತಿ ದಳದ ಸಮಿತಿಗೆ ಎಷ್ಟಿದೆ ಎಂಬುದು ಆಯಾ ರಾಜ್ಯದ ಕಾನೂನು, ಸನ್ನದಿನ ಒಪ್ಪಂದ ಮತ್ತು ಉಳಿದಿರುವ ದಾಖಲೆಗಳನ್ನು ಅವಲಂಬಿಸುತ್ತದೆ.

ದಾಖಲೆಗಳ ಮಾತು ಬಂದಾಗ ಟ್ರೇಲರ್ ಅತ್ಯುತ್ತಮ ಉದಾಹರಣೆ. ಶಿಬಿರಕ್ಕೆ ಹೊರಡುವ ದಳದ ಅರ್ಧ ಸಂಸಾರ ಅದರೊಳಗಿರುತ್ತದೆ: ಪ್ಯಾಟ್ರೋಲ್ ಎಂಬ ಕಿರುಪಡೆಗೊಂದರಂತೆ ಮರದ ಅಡುಗೆ ಪೆಟ್ಟಿಗೆ, ಮುಚ್ಚಳದ ಮೇಲೂ ಕೆಂಡ ಹಾಕುವ ಎರಕದ ಕಬ್ಬಿಣದ ಪಾತ್ರೆಗಳು, ಗ್ಯಾಸ್ ಒಲೆ, ನೀರಿನ ಕ್ಯಾನು, ಹಗ್ಗದ ಸುರುಳಿಗಳು. ಡೇರೆಗೆ ನೋಂದಣಿ ಪತ್ರ ಇರುವುದಿಲ್ಲ, ಟ್ರೇಲರ್‌ಗೆ ಇರುತ್ತದೆ. ಆ ಪತ್ರದಲ್ಲಿ ಮಾಲೀಕರ ಹೆಸರು ಬರೆಯಲೇಬೇಕು. ದಳದ ಹೆಸರಿನಲ್ಲಿ ನೋಂದಾಯಿಸಲು ಹೋದರೆ ಅಂಥ ವ್ಯಕ್ತಿಯೇ ಕಾನೂನಿನಲ್ಲಿ ಇಲ್ಲದ ತೊಡಕು. ಸರಿಯಾದ ಹೆಸರು ಪ್ರಾಯೋಜಕ ಸಂಸ್ಥೆಯದು. ಅನುಕೂಲಕ್ಕೆಂದು ಸ್ವಯಂಸೇವಕರೊಬ್ಬರ ಹೆಸರಿಗೆ ಮಾಡಿಸಿಬಿಟ್ಟರೆ, ಅವರು ಊರು ಬಿಟ್ಟಾಗಲೋ ತೀರಿಕೊಂಡಾಗಲೋ ಮಕ್ಕಳ ದುಡಿಮೆಯ ಗಾಡಿ ಅವರ ಆಸ್ತಿಪಟ್ಟಿಗೆ ಸೇರಿಹೋಗುತ್ತದೆ. ಬ್ಯಾಂಕ್ ಖಾತೆಗೂ ಇದೇ ಮಾತು: ಖಾತೆ ನಾಯಕರ ವೈಯಕ್ತಿಕ ತೆರಿಗೆ ಸಂಖ್ಯೆಯಲ್ಲಿ ಇರಬಾರದು, ಚೆಕ್ಕಿಗೆ ಇಬ್ಬರ ಸಹಿ ಇರುವುದು ಕ್ಷೇಮ. ಕೌನ್ಸಿಲ್‌ನ ತೆರಿಗೆ ವಿನಾಯಿತಿ ತಾನಾಗಿ ದಳಕ್ಕೆ ಸಿಗುವುದಿಲ್ಲ. ದಳ ಪ್ರಾಯೋಜಕ ಸಂಸ್ಥೆಯ ಸ್ಥಾನಮಾನವನ್ನೇ ನೆಚ್ಚಿಕೊಳ್ಳಬೇಕು.

ಮಗುವಿನ ಹೆಸರಿನ ಲೆಕ್ಕ

ದಳದ ನಿಧಿಗಾಗಿ ನಡೆಸುವ ಪಾಪ್‌ಕಾರ್ನ್ ಮಾರಾಟದಲ್ಲಿ ಒಬ್ಬ ಹುಡುಗ ಎಷ್ಟು ಗಳಿಸಿದನೋ ಅಷ್ಟನ್ನು ಅವನ ಶಿಬಿರ ಶುಲ್ಕಕ್ಕೆ ಜಮಾ ಮಾಡುವ ರೂಢಿ ಅನೇಕ ದಳಗಳಲ್ಲಿ ಬೆಳೆದಿತ್ತು. ದುಡಿಮೆಯ ಪಾಠವೆಂದು ಇದನ್ನು ಮೆಚ್ಚಿದವರೂ ಇದ್ದರು. 2013ರಲ್ಲಿ ಕ್ಯಾಪಿಟಲ್ ಜಿಮ್ನಾಸ್ಟಿಕ್ಸ್ ಬೂಸ್ಟರ್ ಕ್ಲಬ್ ಎಂಬ ಪಾಲಕರ ಸಂಘದ ಮೊಕದ್ದಮೆಯಲ್ಲಿ ಅಮೆರಿಕದ ತೆರಿಗೆ ನ್ಯಾಯಾಲಯ ಇಂಥ ಲೆಕ್ಕವನ್ನು ಒಪ್ಪಲಿಲ್ಲ. ಹಣ ಸಂಗ್ರಹಿಸಿದ ಕುಟುಂಬಕ್ಕೇ ಅದರ ಲಾಭ ಹೋದರೆ ಅದು ಖಾಸಗಿ ಪ್ರಯೋಜನ; ತೆರಿಗೆ ವಿನಾಯಿತಿ ಉಳಿಯದು ಎಂದಿತು. ಮೊಕದ್ದಮೆ ಸ್ಕೌಟ್ ದಳದ್ದಲ್ಲವಾದರೂ ತರ್ಕ ದಳಗಳಿಗೂ ಅನ್ವಯಿಸುತ್ತದೆಂದೇ ತಿಳಿಯಲಾಗಿದೆ. ಹೀಗಾಗಿ ದಳ ಬದಲಿಸುವ ಹುಡುಗ ಮಾರಾಟದ ಗಳಿಕೆಯನ್ನು ತನ್ನದೆಂದು ಕೇಳಿ ಒಯ್ಯಲಾಗದು. ಪಾಲಕರು ಮುಂಗಡ ಕಟ್ಟಿದ ಹಣದ ವಿಚಾರ ಬೇರೆ. ಈಗಲ್ ಸ್ಕೌಟ್ ಎಂಬ ಅತ್ಯುನ್ನತ ಪದವಿಗಾಗಿ ಕೈಗೊಳ್ಳುವ ಸೇವಾಯೋಜನೆಯಲ್ಲಿ ಉಳಿದ ಹಣವಂತೂ ದಳಕ್ಕೂ ಬರುವುದಿಲ್ಲ. ಅದು ಯೋಜನೆಯ ಫಲಾನುಭವಿ ಸಂಸ್ಥೆಗೆ ಸೇರಬೇಕು.

ಪ್ರಾಯೋಜಕರು ಹಿಂದೆ ಸರಿದಾಗ

ನಿಯಮ ಪರೀಕ್ಷೆಗೆ ಒಳಗಾಗುವುದು ಬೀಳ್ಕೊಡುಗೆಯ ಹೊತ್ತಿನಲ್ಲಿ. 2005ರಲ್ಲಿ, ದೇವರ ಮೇಲಿನ ನಂಬಿಕೆಯನ್ನು ಕಡ್ಡಾಯ ಮಾಡುವ ಸಂಘಟನೆಗೆ ಸರ್ಕಾರಿ ಶಾಲೆಗಳು ಪ್ರಾಯೋಜಕರಾಗಿರುವುದು ಸಂವಿಧಾನಬಾಹಿರವೆಂದು ಅಮೆರಿಕದ ನಾಗರಿಕ ಸ್ವಾತಂತ್ರ್ಯ ಸಂಘ (ಎಸಿಎಲ್‌ಯು) ಮೊಕದ್ದಮೆಯ ಎಚ್ಚರಿಕೆ ಕೊಟ್ಟ ಮೇಲೆ, ಆ ಸನ್ನದುಗಳನ್ನು ಖಾಸಗಿ ಸಂಸ್ಥೆಗಳಿಗೆ ವರ್ಗಾಯಿಸಲಾಯಿತು. ಇದಕ್ಕಿಂತ ದೊಡ್ಡ ಪಲ್ಲಟ ಮಾರ್ಮನ್ ಚರ್ಚಿನದು. 1913ರಿಂದ ಪ್ರಾಯೋಜಕವಾಗಿದ್ದ ಈ ಚರ್ಚು 2019ರ ಡಿಸೆಂಬರ್ 31ರಂದು ಸಂಬಂಧ ಮುಗಿಸಿತು. ಸಂಘಟನೆಯ ಒಟ್ಟು ಮಕ್ಕಳಲ್ಲಿ ಹತ್ತಿರ ಹತ್ತಿರ ಐದನೇ ಒಂದು ಪಾಲು ಅದರ ದಳಗಳಲ್ಲೇ ಇತ್ತು. ಯೂಟಾ ಸೀಮೆಯ ಮೂರು ಕೌನ್ಸಿಲ್‌ಗಳು 2020ರಲ್ಲಿ ಒಂದಾಗಬೇಕಾಯಿತು.

2020ರ ಫೆಬ್ರವರಿ 18ರಂದು ಸಂಘಟನೆ ದಿವಾಳಿತನದ ರಕ್ಷಣೆ ಕೋರಿತು. ಬಾಲ್ಯದಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರಿಂದ 82,000ಕ್ಕೂ ಹೆಚ್ಚು ದಾವೆಗಳು ಬಂದವು. ಸುಮಾರು 246 ಕೋಟಿ ಡಾಲರಿನ ಪರಿಹಾರ ಯೋಜನೆ 2023ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ಒಡೆತನದ ಇತಿಹಾಸದಲ್ಲಿ ಇದಕ್ಕಿಂತ ಮುಖ್ಯವಾದ ಘಟ್ಟ ಬೇರೆ ಇಲ್ಲ ಎನ್ನಬಹುದು. ದಳ ನಿಮ್ಮದು ಎಂಬ ಮಾತು ಡೇರೆಗಳ ಜೊತೆಗೆ ಹೊಣೆಯನ್ನೂ ಹೊರಿಸುತ್ತದೆಂದು ಸಾವಿರಾರು ಚರ್ಚುಗಳಿಗೆ ಆಗ ಮನವರಿಕೆಯಾಯಿತು. ಮಕ್ಕಳ ರಕ್ಷಣೆಯ ಹೊಣೆ ಒಡೆತನದಷ್ಟೇ ಸ್ಪಷ್ಟವಾಗಿ ಮೊದಲೇ ಅರ್ಥವಾಗಬೇಕಿತ್ತು. 2022ರಲ್ಲಿ ಯುನೈಟೆಡ್ ಮೆಥಡಿಸ್ಟ್ ಚರ್ಚು ತನ್ನ ಸಭೆಗಳಿಗೆ ಹೊಸ ಒಪ್ಪಂದವನ್ನು ಶಿಫಾರಸು ಮಾಡಿತು: ಸನ್ನದು ಕೌನ್ಸಿಲ್ ಹೆಸರಿನಲ್ಲಿ ಇರುತ್ತದೆ, ಚರ್ಚು ಜಾಗ ಮತ್ತು ಸಹಕಾರ ಕೊಡುತ್ತದೆ. ಈ ಏರ್ಪಾಟಿನಲ್ಲಿ ದಳದ ಸ್ವತ್ತಿನ ಹೊಣೆಯೂ ಕೌನ್ಸಿಲ್ ಕಡೆಗೆ ವಾಲುತ್ತದೆ. ಕೌನ್ಸಿಲ್‌ಗಳೂ ಪರಿಹಾರ ನಿಧಿಗೆ ಪಾಲು ಕೊಡಬೇಕಾಗಿದ್ದ ಕಾಲದಲ್ಲಿ ದಳದ ಪುಡಿಗಾಸೂ ಅದರಲ್ಲಿ ಸೇರಿಹೋದೀತೆಂಬ ಸ್ವಯಂಸೇವಕರ ಆತಂಕ ಸಹಜವೇ ಆಗಿತ್ತು. ಪ್ರಾಯೋಜಕರು ಬದಲಾಗುವಾಗ ಹಳೆಯ ಸಂಸ್ಥೆ ಸಾಮಗ್ರಿಗಳ ಪಟ್ಟಿ ಮತ್ತು ಖಾತೆಯ ಶಿಲ್ಕು ನಮೂದಿಸಿ ಹೊಸ ಸಂಸ್ಥೆಗೆ ಬರವಣಿಗೆಯಲ್ಲಿ ಬಿಟ್ಟುಕೊಡುವುದು ತಕರಾರಿಲ್ಲದ ದಾರಿ.

ಇತರ ಪದ್ಧತಿಗಳು

ಅಮೆರಿಕದ ಗರ್ಲ್ ಸ್ಕೌಟ್ಸ್ (1912) ಸಂಘಟನೆಯಲ್ಲಿ ಇಂಥ ಪ್ರಾಯೋಜಕ ಮಾಲೀಕರಿಲ್ಲ. ದಳ ವಿಸರ್ಜನೆಯಾದರೆ ಉಳಿಕೆ ಕೌನ್ಸಿಲ್‌ನ ಆಶ್ರಯಕ್ಕೆ ಹೋಗುತ್ತದೆ. ಬ್ರಿಟನ್ನಿನಲ್ಲಿ ಪ್ರತಿ ಸ್ಕೌಟ್ ಗುಂಪೂ ತನ್ನದೇ ಟ್ರಸ್ಟಿಗಳಿರುವ ಧರ್ಮಾರ್ಥ ಸಂಸ್ಥೆ. ಗುಂಪು ಮುಚ್ಚಿದರೆ ಸ್ವತ್ತು ಸಾಮಾನ್ಯವಾಗಿ ಜಿಲ್ಲಾ ಘಟಕದ್ದಾಗುತ್ತದೆ. 1950ರ ನವೆಂಬರ್ 7ರಂದು ರೂಪುಗೊಂಡ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಸಂಸ್ಥೆಯ ದಳಗಳು ಕರ್ನಾಟಕದಲ್ಲಿ ಹೆಚ್ಚಾಗಿ ಶಾಲೆಗಳಲ್ಲೇ ಇವೆ. ಅಂಥಲ್ಲಿ ಡೇರೆ, ಹಗ್ಗ, ಬ್ಯಾಂಡಿನ ಡ್ರಮ್ಮುಗಳು ಸಾಮಾನ್ಯವಾಗಿ ಶಾಲೆಯ ದಾಸ್ತಾನು ಪುಸ್ತಕಕ್ಕೇ ಸೇರುತ್ತವೆ.