ಉರಿಯುತ್ತಲೇ ಇದ್ದ ದೀಪ

ಚರಿತ್ರೆ ಪಾಠ ಮಾಡುವವಳಿಗೆ ರಾಜರ, ಮಂತ್ರಿಗಳ ಸಾವು ಹೊಸದಲ್ಲ. ವಿಷ, ಕತ್ತಿ, ಗುಂಡು, ಎಲ್ಲವನ್ನೂ ಕಪ್ಪು ಹಲಗೆಯ ಮೇಲೆ ಬರೆದು ಅಳಿಸಿದ್ದೇನೆ. ಆದರೆ ವಿಮಾನದಲ್ಲಿ ಒಂದು ಪುಟ್ಟ ಎಚ್ಚರಿಕೆ ದೀಪ ಉರಿಯುತ್ತಿತ್ತು, ನಡೆಸುವವರಿಗೆ ಅದು ಕಾಣುತ್ತಲೂ ಇತ್ತು, ಆದರೂ ಒಬ್ಬ ಮಂತ್ರಿ ಮಗನ ಸಮೇತ ಸತ್ತರು ಎಂಬ ಕಥೆ ಮಾತ್ರ ಅಳಿಸಿದರೂ ಅಳಿಯುವುದಿಲ್ಲ.

1999ನೆಯ ಇಸವಿ. ಆಗಸ್ಟ್ 17ರಂದು ತುರ್ಕಿಯಲ್ಲಿ ಭಾರಿ ಭೂಕಂಪವಾಗಿತ್ತು. ಸೆಪ್ಟೆಂಬರ್ 7ರಂದು ಅಥೆನ್ಸ್ ನಡುಗಿತು. ತಲೆಮಾರುಗಳ ಹಗೆ ಸಾಧಿಸಿಕೊಂಡು ಬಂದ ಎರಡು ದೇಶಗಳು ಆ ದಿನಗಳಲ್ಲಿ ಒಂದರ ನೆರವಿಗೆ ಇನ್ನೊಂದು ಓಡಿ ಬಂದಿದ್ದವು. ಅಂಥ ಹೊತ್ತಿನಲ್ಲಿ, ಸೆಪ್ಟೆಂಬರ್ 14ರಂದು, ಗ್ರೀಸಿನ ಉಪ ವಿದೇಶಾಂಗ ಸಚಿವ ಯಾನ್ನೋಸ್ ಕ್ರಾನಿಡಿಯೋಟಿಸ್ ಬಾಲ್ಕನ್ ದೇಶಗಳ ಸಭೆಗೆಂದು ರೊಮೇನಿಯಾದ ಬುಕಾರೆಸ್ಟಿಗೆ ಹೊರಟರು. ಅವರು ಸೈಪ್ರಸ್ಸಿನಲ್ಲಿ ಹುಟ್ಟಿದವರು. ಆ ಪುಟ್ಟ ದ್ವೀಪವನ್ನು ಯುರೋಪಿನ ಒಕ್ಕೂಟಕ್ಕೆ ಸೇರಿಸಬೇಕೆಂದು ವರ್ಷಗಟ್ಟಲೆ ದುಡಿದಿದ್ದರು. ಜೊತೆಯಲ್ಲಿ ಮಗ, ಅಂಗರಕ್ಷಕ, ಪತ್ರಕರ್ತರು. ವಿಮಾನದಲ್ಲಿ ಒಟ್ಟು 13 ಜನ.

ವಿಮಾನ ಫ್ರಾನ್ಸಿನ ಡಸಾಲ್ಟ್ ಕಂಪನಿಯ ಫಾಲ್ಕನ್ 900. ಮೂರು ಎಂಜಿನ್ನಿನ ಸಣ್ಣ ಜೆಟ್, ದೊಡ್ಡ ಮನುಷ್ಯರು ಓಡಾಡುವಂಥದ್ದು. ಇದರ ರೆಕ್ಕೆ ಬಾಲಗಳನ್ನು ಅಲುಗಿಸುವುದು ಪೈಲಟ್ಟಿನ ತೋಳಬಲವಲ್ಲ, ಎಣ್ಣೆಯ ಒತ್ತಡ. ಹಾಗಾಗಿ ಹಿಡಿಕೆ ಕೈಗೆ ಹತ್ತಿಯಂತೆ ಹಗುರ. ಹಗುರವಾದದ್ದು ಕೆಲವೊಮ್ಮೆ ಅಪಾಯ. ವೇಗ ಹೆಚ್ಚಿದಾಗ ಸ್ವಲ್ಪ ಎಳೆದರೂ ವಿಮಾನ ಕುದುರೆಯಂತೆ ಮುಂಗಾಲೆತ್ತೀತು. ಅದಕ್ಕೆಂದೇ ವೇಗ ಏರಿದಂತೆ ಹಿಡಿಕೆಯನ್ನು ಬೇಕೆಂದೇ ಬಿಗಿ ಮಾಡುವ ಒಂದು ಸಾಧನ ಉಂಟು. ಅದರ ಹೆಸರು 'ಆರ್ಥರ್'. (ಯಾರೋ ಸೋದರಮಾವನ ಹೆಸರಿನಂತಿದೆ, ಅಲ್ಲವೇ?) ಅದು ಕೆಟ್ಟರೆ 'ಪಿಚ್ ಫೀಲ್' ಎಂಬ ದೀಪ ಹೊತ್ತಿಕೊಳ್ಳುತ್ತದೆ. ಆ ದಿನ ಹೊತ್ತಿಕೊಂಡಿತ್ತು. ಆರ್ಥರ್ ನಿಧಾನ ವೇಗದ ಸ್ಥಿತಿಯಲ್ಲೇ ನಿಂತುಹೋಗಿತ್ತು. ಎಂದರೆ ವೇಗ ಎಷ್ಟೇ ಇದ್ದರೂ ಹಿಡಿಕೆ ಹಗುರವಾಗಿಯೇ ಉಳಿಯುವಂತಾಗಿತ್ತು.

ಕೆಟ್ಟ ಸಾಮಾನಿನೊಂದಿಗೆ ವಿಮಾನ ಹಾರಿಸಬಹುದೇ ಎಂದು ನೀವು ಕೇಳುತ್ತೀರಿ. ಹಾರಿಸಬಹುದು, ಅದಕ್ಕೂ ಕಾನೂನಿದೆ. 'ಕನಿಷ್ಠ ಸಲಕರಣೆ ಪಟ್ಟಿ' ಎಂದು ಪ್ರತಿ ಬಗೆಯ ವಿಮಾನಕ್ಕೂ ಒಂದು ಪುಸ್ತಕ. ಯಾವುದು ಕೆಟ್ಟಿದ್ದರೂ ಹೊರಡಬಹುದು, ಯಾವ ಕಟ್ಟುಪಾಡಿನ ಮೇಲೆ, ಎಷ್ಟು ದಿನದೊಳಗೆ ರಿಪೇರಿಯಾಗಬೇಕು ಎಂದೆಲ್ಲ ಅದರಲ್ಲಿ ಬರೆದಿರುತ್ತದೆ. ಕೆಲವಕ್ಕೆ 3 ದಿನ, ಕೆಲವಕ್ಕೆ 10, ಕೆಲವಕ್ಕೆ 120 ದಿನ. ನಮ್ಮ ಶಾಲೆಯ ಸ್ಟಾಕ್ ಬುಕ್ಕಿನಲ್ಲಿ ಕಾಲು ಮುರಿದ ಬೆಂಚನ್ನು ನಮೂದಿಸಿ ಮೂಲೆಗಿಡುತ್ತೇವಲ್ಲ, ಹಾಗೆ. ಆದರೆ ಈ ಪಟ್ಟಿಯನ್ನು ತಪ್ಪಾಗಿ ತಿಳಿಯುವುದು ಬಹಳ ಸುಲಭ. ಪಟ್ಟಿಯಲ್ಲಿ ಇಲ್ಲದ್ದು ಮುಖ್ಯವಲ್ಲ ಎಂದು ಕೆಲವರು ಭಾವಿಸುತ್ತಾರೆ, ನಿಜ ತದ್ವಿರುದ್ಧ. ವಿಮಾನದ ಕ್ಷೇಮಕ್ಕೆ ಬೇಕಾದ ಭಾಗ ಪಟ್ಟಿಯಲ್ಲಿ ಇಲ್ಲವೆಂದರೆ ಅದು ಸರಿಯಿಲ್ಲದೆ ಹೊರಡುವಂತೆಯೇ ಇಲ್ಲ. ಇನ್ನು ಕೆಲವರು 'ಹೊರಡಬಹುದು' ಎಂದಷ್ಟೇ ಓದಿ ಅದರ ಕೆಳಗಿನ ಕಟ್ಟುಪಾಡನ್ನು ಮರೆಯುತ್ತಾರೆ. ಮಕ್ಕಳು ಪ್ರಶ್ನೆಪತ್ರಿಕೆಯ ಮೇಲಿನ ಸೂಚನೆ ಓದುವುದಿಲ್ಲವಲ್ಲ, ದೊಡ್ಡವರೂ ಅಷ್ಟೇ. ಇನ್ನೊಂದು ಸೂಕ್ಷ್ಮವಿದೆ. ಈ ಪಟ್ಟಿ ನೆಲದ ಮೇಲೆ, ಹೊರಡುವ ಮೊದಲು ನೋಡುವುದಕ್ಕೆ. ಆಕಾಶದಲ್ಲಿ ದೀಪ ಹೊತ್ತಿದರೆ ತೆರೆಯಬೇಕಾದ ಪುಸ್ತಕ ಬೇರೆ.

ಬುಕಾರೆಸ್ಟ್ ಹತ್ತಿರವಾಯಿತು. ವಿಮಾನ ವೇಗವಾಗಿ ಇಳಿಯುತ್ತಿತ್ತು. ಸ್ವಯಂಚಾಲಕ ಅದನ್ನು ನಡೆಸುತ್ತಿತ್ತು. ಸುಮಾರು 15,000 ಅಡಿಯಲ್ಲಿ ಪೈಲಟ್ ಸ್ವಯಂಚಾಲಕವನ್ನು ಮೀರಿ ಹಿಡಿಕೆಗೆ ಬಲ ಹಾಕಿದರು. ಅದು ಕಳಚಿಕೊಂಡಿತು. ಹಿಡಿಕೆ ಹಗುರ, ವೇಗ ವಿಪರೀತ. ಮೂತಿ ಮೇಲೆದ್ದಿತು, ತಗ್ಗಿಸಲು ಹೋದರೆ ಕೆಳಗೆ ಮುಗ್ಗರಿಸಿತು, ಮತ್ತೆ ಎಳೆದರು, ಮತ್ತೆ ಎದ್ದಿತು. ಸರಿಪಡಿಸಲು ಮಾಡಿದ ಪ್ರತಿ ಪ್ರಯತ್ನವೂ ಮುಂದಿನ ಹೊಯ್ದಾಟವನ್ನು ಹೆಚ್ಚಿಸಿತು. ಇದೆಲ್ಲ ಅರ್ಧ ನಿಮಿಷಕ್ಕಿಂತ ಕಡಿಮೆ ಹೊತ್ತು.

ಪೈಲಟ್ಟುಗಳು ಪಟ್ಟಿ ಕಟ್ಟಿಕೊಂಡಿದ್ದರು. ಹಿಂದಿದ್ದ ಹಲವರು ಕಟ್ಟಿಕೊಂಡಿರಲಿಲ್ಲ. ಸೀಟು ಬಿಟ್ಟು ಎದ್ದ ದೇಹಗಳು ಚಾವಣಿಗೂ ನೆಲಕ್ಕೂ ಅಪ್ಪಳಿಸಿದವು. ವಿಮಾನ ಮುರಿಯಲಿಲ್ಲ, ಬೀಳಲಿಲ್ಲ. ಬುಕಾರೆಸ್ಟಿನಲ್ಲಿ ನೆಟ್ಟಗೆ ಇಳಿಯಿತು. ಒಟ್ಟು ಏಳು ಜನ ಸತ್ತರು. ಸಚಿವರೂ ಅವರ ಮಗನೂ ಅವರಲ್ಲಿದ್ದರು. ವಿಮಾನ ಗಟ್ಟಿಯಾಗಿದ್ದು ಒಳಗಿನವರು ಹೋದರಲ್ಲ ಎಂಬುದೇ ನನಗೆ ತಡೆಯಲಾರದ ಸಂಗತಿ. ಸತ್ತವರ ಮನೆಯವರಿಗೆ ಇದನ್ನು ಯಾವ ಮಾತಿನಲ್ಲಿ ಹೇಳಿರಬಹುದು?

ರೊಮೇನಿಯಾದ ತನಿಖಾಧಿಕಾರಿಗಳು ದೋಷವನ್ನು ಆರ್ಥರ್ ಒಂದರ ತಲೆಗೇ ಕಟ್ಟಲಿಲ್ಲ. ಪಿಚ್ ಫೀಲ್ ದೋಷದ ಅಪಾಯವನ್ನು ಸರಿಯಾಗಿ ಅಳೆಯದೆ ಹೋದದ್ದು, ಸ್ವಯಂಚಾಲಕವನ್ನು ಕೈಯಿಂದ ಮೀರಿದ್ದು, ಆ ವೇಗಕ್ಕೆ ಸಲ್ಲದಂತೆ ಹಿಡಿಕೆ ಎಳೆದದ್ದು, ಇಳಿಯುವಾಗ ಸೊಂಟಪಟ್ಟಿ ಇಲ್ಲದೆ ಕೂತದ್ದು, ಎಲ್ಲವನ್ನೂ ಸೇರಿಸಿಯೇ ಬರೆದರು.

ಅದೇ ವರ್ಷ ಡಿಸೆಂಬರಿನಲ್ಲಿ ಹೆಲ್ಸಿಂಕಿಯಲ್ಲಿ ಯುರೋಪಿನ ನಾಯಕರು ಸೇರಿ, ದ್ವೀಪದ ಜಗಳ ಬಗೆಹರಿಯುವುದು ಸೈಪ್ರಸ್ಸಿನ ಪ್ರವೇಶಕ್ಕೆ ಮೊದಲ ಶರತ್ತಾಗುವುದಿಲ್ಲ ಎಂದು ತೀರ್ಮಾನಿಸಿದರು. 2004ರ ಮೇ 1ರಂದು ಸೈಪ್ರಸ್ ಒಕ್ಕೂಟ ಸೇರಿತು. ಕ್ರಾನಿಡಿಯೋಟಿಸ್ ಹೋಗಿ ಆಗ ನಾಲ್ಕೂವರೆ ವರ್ಷ ಕಳೆದಿತ್ತು.